ಅಡುಗೆಮನೆಯ ಸಿಂಕಿನ ಕೊಳವೆ ಕಟ್ಟಿಕೊಳ್ಳುವಿಕೆ

ಅಡುಗೆಮನೆಯ ಸಿಂಕಿನಿಂದ ನೀರು ನಿಧಾನವಾಗಿ ಇಳಿಯುವುದನ್ನು ಅಥವಾ ಇಳಿಯದೆ ನಿಲ್ಲುವುದನ್ನು ಕೊಳವೆ ಕಟ್ಟಿಕೊಳ್ಳುವಿಕೆ ಎನ್ನಲಾಗುತ್ತದೆ.

ಕಾರಣಗಳು

ಜಿಡ್ಡು, ಅನ್ನದ ಅಗುಳು ಹಾಗೂ ಕಾಫಿಯ ಗಸಿ ಸಾಮಾನ್ಯ ಕಾರಣಗಳು. ಹಾಸನ ಜಿಲ್ಲೆಯ ಅರಸೀಕೆರೆ ತಾಲ್ಲೂಕಿನ ಗಂಡಸಿಯಂತಹ ತೆಂಗಿನ ಸೀಮೆಯಲ್ಲಿ ಕಾಯಿತುರಿ ಮತ್ತು ಪಾತ್ರೆ ಉಜ್ಜುವ ನಾರೂ ಇವುಗಳೊಡನೆ ಸೇರಬಹುದು. ಕೊಬ್ಬರಿ ಎಣ್ಣೆಯು ಸುಮಾರು 24 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗೆ ಹೆಪ್ಪುಗಟ್ಟುವುದರಿಂದ ಚಳಿಗಾಲದಲ್ಲಿ ತೊಂದರೆ ಹೆಚ್ಚುತ್ತದೆ. ಗಡಸು ನೀರಿನಲ್ಲಿರುವ ಕ್ಯಾಲ್ಸಿಯಂ ಸಾಬೂನಿನೊಡನೆ ಸೇರಿ ನೀರಿನಲ್ಲಿ ಕರಗದ ಅಂಟು ಪದಾರ್ಥವಾಗುತ್ತದೆ.

ಪತ್ತೆ

ಬಚ್ಚಲಿನಲ್ಲಿಯೂ ನೀರು ನಿಂತರೆ ಅಡಚಣೆಯು ಹೊರಗಿನ ಮುಖ್ಯ ಕೊಳವೆಯಲ್ಲಿರುವ ಸಂಭವ ಹೆಚ್ಚು. ಸಿಂಕಿನಲ್ಲಿ ಮಾತ್ರ ನಿಂತರೆ ಅದರ ಕೆಳಗಿನ ಟ್ರ್ಯಾಪನ್ನು ಮೊದಲು ಪರೀಕ್ಷಿಸಬೇಕು. ದುರ್ವಾಸನೆಯನ್ನು ತಡೆಯಲು ಸದಾ ನೀರು ನಿಂತಿರುವ ಈ ಭಾಗದಲ್ಲಿಯೇ ಕಸ ತಂಗುತ್ತದೆ.

ಪರಿಹಾರ

ಮೊದಲು ಜಾಲರಿಯನ್ನು ಶುಚಿಗೊಳಿಸಿ ಬಿಸಿನೀರು ಹಾಕಬೇಕು. ಕುದಿಯುವ ನೀರು ಪಿವಿಸಿ ಕೊಳವೆಯನ್ನು ಮೆತ್ತಗಾಗಿಸುವುದರಿಂದ ಅದು ಸಲ್ಲದು. ಬಳಿಕ ಪ್ಲಂಜರ್‌ನಿಂದ ಒತ್ತಬೇಕು. ಆಗಲೂ ನೀರು ಇಳಿಯದಿದ್ದರೆ ಕೆಳಗೆ ಬಕೆಟ್ ಇಟ್ಟು, ಟ್ರ್ಯಾಪನ್ನು ಬಿಚ್ಚಿ ತೊಳೆಯಬೇಕು. ಟ್ರ್ಯಾಪ್ ಸ್ವಚ್ಛವಾಗಿದ್ದರೆ ಮುಂದಿನ ಕೊಳವೆಗೆ ಬಾಗುವ ತಂತಿಯನ್ನು ತೂರಿಸಬೇಕು.

ಎಚ್ಚರಿಕೆ

ಕಾಸ್ಟಿಕ್ ಸೋಡಾ ಚರ್ಮವನ್ನೂ ಕಣ್ಣನ್ನೂ ಸುಡುತ್ತದೆ. ಅದನ್ನು ಸುರಿದ ಮೇಲೆ ಪ್ಲಂಜರ್ ಬಳಸಿದರೆ ದ್ರಾವಣವು ಮುಖಕ್ಕೆ ಸಿಡಿಯಬಹುದು. ಬ್ಲೀಚಿಂಗ್ ಪುಡಿಯು ಆಮ್ಲದೊಡನೆ ಬೆರೆತರೆ ವಿಷಕಾರಿ ಕ್ಲೋರಿನ್ ಅನಿಲ ಹೊರಬರುವುದರಿಂದ ಇವೆರಡನ್ನೂ ಒಟ್ಟಿಗೆ ಬಳಸಬಾರದು.