ಮುಂಬಯಿಯಿಂದ ಲಂಡನ್ನಿಗೆ: ದೂರವೆಷ್ಟು, ಹೊತ್ತೆಷ್ಟು?

ಮುಂಬಯಿಗೂ ಲಂಡನ್ನಿಗೂ ನಡುವಣ ಅಂತರವು ಸುಮಾರು 7,200 ಕಿಲೋಮೀಟರು. ಜೆಟ್ ವಿಮಾನದ ವೇಗವು ತಾಸಿಗೆ ಸುಮಾರು 900 ಕಿಲೋಮೀಟರು. ಇಷ್ಟು ಹೇಳಿದೊಡನೆ ನಮ್ಮ ತರಗತಿಯ ಮಕ್ಕಳು ಭಾಗಿಸಿ, ‘ಎಂಟು ತಾಸು’ ಎಂದು ಉತ್ತರ ಕೊಡುತ್ತಾರೆ. ಲೆಕ್ಕವೇನೋ ಸರಿಯೇ. ಆದರೆ ವಿಮಾನದ ವೇಳಾಪಟ್ಟಿಯನ್ನು ನೋಡಿದರೆ ಹೋಗುವಾಗ ಒಂಬತ್ತು ಹತ್ತು ತಾಸು, ಬರುವಾಗ ಅದಕ್ಕಿಂತ ಕಡಮೆ. ಈ ಭೇದವೇಕೆ?

ಮೊದಲು ದಾರಿಯನ್ನು ನೋಡೋಣ. ಗೋಡೆಯ ಭೂಪಟದಲ್ಲಿ ಈ ಎರಡು ನಗರಗಳನ್ನು ಸೇರಿಸಿ ಗೆರೆ ಎಳೆದರೆ ಅದರ ನಡುಭಾಗವು ಸಿರಿಯಾ ದೇಶದ ಆಸುಪಾಸಿನಲ್ಲಿ ಬೀಳುತ್ತದೆ. ಅದೇ ಮೇಜಿನ ಮೇಲಣ ಗ್ಲೋಬಿನಲ್ಲಿ ದಾರವೊಂದನ್ನು ಬಿಗಿಯಾಗಿ ಎಳೆದು ಹಿಡಿದರೆ ನಡುಭಾಗವು ಉತ್ತರಕ್ಕೆ ಸರಿದು, ಕಪ್ಪು ಸಮುದ್ರಕ್ಕೂ ಕ್ಯಾಸ್ಪಿಯನ್ ಸಮುದ್ರಕ್ಕೂ ನಡುವಣ ನಾಡಿಗೆ ಬರುತ್ತದೆ. ಭೂಮಿಯು ದುಂಡಾಗಿರುವುದರಿಂದ ದಾರದ ದಾರಿಯೇ ಅತಿ ಹತ್ತಿರದ್ದು. ಮೇಲೆ ಹೇಳಿದ 7,200 ಕಿಲೋಮೀಟರು ಅದರ ಅಳತೆ. ಗ್ಲೋಬು ದೊರೆಯದವರು ಚೆಂಡಿನ ಮೇಲೆ ಪರೀಕ್ಷಿಸಬಹುದು.

ಎರಡನೆಯದು ಗಾಳಿ. ನೆಲದಿಂದ ಹತ್ತು ಹನ್ನೆರಡು ಕಿಲೋಮೀಟರು ಎತ್ತರದಲ್ಲಿ ಈ ಮಾರ್ಗದ ಬಹುಭಾಗದ ಮೇಲೆ ಗಾಳಿಯು ಸಾಮಾನ್ಯವಾಗಿ ಪಶ್ಚಿಮದಿಂದ ಪೂರ್ವಕ್ಕೆ ಬೀಸುತ್ತದೆ; ಚಳಿಗಾಲದಲ್ಲಿ ಅದರ ರಭಸ ಹೆಚ್ಚು. ಅದು ತಾಸಿಗೆ ಸರಾಸರಿ 50 ಕಿಲೋಮೀಟರಿನಂತೆ ಬೀಸುತ್ತದೆಂದು ಇಟ್ಟುಕೊಂಡರೆ, ಲಂಡನ್ನಿಗೆ ಹೋಗುವಾಗ ವೇಗವು 850ಕ್ಕೆ ಇಳಿದು ಸುಮಾರು ಎಂಟೂವರೆ ತಾಸು ಹಿಡಿಯುತ್ತದೆ. ಬರುವಾಗ 950ಕ್ಕೆ ಏರಿ ಏಳೂವರೆ ತಾಸಿಗೆ ತುಸು ಹೆಚ್ಚು. ಹೊಳೆಯ ದೋಣಿಯ ಲೆಕ್ಕವನ್ನು ಬೇಸರದಿಂದ ಮಾಡುವ ಹುಡುಗರು ಇದನ್ನು ಗಮನಿಸಬೇಕು. ಇದಕ್ಕೆ ಏರುವ, ಇಳಿಯುವ, ನಿಲ್ದಾಣದ ಮೇಲೆ ಸರದಿಗಾಗಿ ಸುತ್ತುವ ಹೊತ್ತನ್ನೂ ಕೂಡಿಸಬೇಕು.

ಮೂರನೆಯ ಕಾರಣವು ಯಾವ ಲೆಕ್ಕದ ಪುಸ್ತಕದಲ್ಲಿಯೂ ಇಲ್ಲ. ನಮ್ಮ ದಾರವು ಕರಾಚಿಯ ಬಳಿಯಲ್ಲಿ ಹಾಯ್ದು, ಮುಂದೆ ಉಕ್ರೇನಿನ ಮೇಲೆ ಸಾಗುತ್ತದೆ. 2022ರ ಫೆಬ್ರುವರಿಯಲ್ಲಿ ಯುದ್ಧವು ಹೊತ್ತಿಕೊಂಡಾಗ ಉಕ್ರೇನಿನ ಆಕಾಶವು ಪ್ರಯಾಣಿಕರ ವಿಮಾನಗಳಿಗೆ ಮುಚ್ಚಿತು. 2025ರ ಏಪ್ರಿಲಿನಲ್ಲಿ ಪಾಕಿಸ್ತಾನವು ಭಾರತದ ವಿಮಾನಗಳಿಗೆ ತನ್ನ ಆಕಾಶವನ್ನು ಮುಚ್ಚಿತು. ಆಕಾಶದಲ್ಲಿ ಬೇಲಿಯಿಲ್ಲವೆಂದು ನಾವು ಭಾವಿಸುತ್ತೇವೆ. ವಿಮಾನ ನಡೆಸುವವರಿಗೆ ಅದು ನೆಲದಷ್ಟೇ ಗಟ್ಟಿಯಾದ ಬೇಲಿ. ಸುತ್ತಿ ಹೋದರೆ ಇಂಧನ ಹೆಚ್ಚು ಬೇಕು, ಹೊತ್ತೂ ಹೆಚ್ಚು ಬೇಕು. ಎಲ್ಲಿಯೋ ನಡೆಯುವ ಕದನದ ವೆಚ್ಚದಲ್ಲಿ ಒಂದು ಪಾಲನ್ನು, ಓದಲೆಂದು ಮಗನನ್ನು ಲಂಡನ್ನಿಗೆ ಕಳುಹಿಸುವ ತಂದೆಯೂ ಹೀಗೆ ತೆರಬೇಕಾಗಬಹುದು.

ಹಾಗೆಂದು ಹಿಂದಿನ ಕಾಲವೇ ಲೇಸೆನ್ನಲಾಗದು. 1948ರ ಜೂನ್ 8ರಂದು ಮುಂಬಯಿಯನ್ನು ಬಿಟ್ಟ ಏರ್ ಇಂಡಿಯಾದ ‘ಮಲಬಾರ್ ಪ್ರಿನ್ಸೆಸ್’ ವಿಮಾನವು ಕೈರೋ, ಜಿನೀವಾಗಳಲ್ಲಿ ಇಳಿದು ಲಂಡನ್ನನ್ನು ಸೇರಿದುದು 10ರಂದು.

ಇನ್ನು ಗಡಿಯಾರದ ಮಾತು. ಲಂಡನ್ನಿನ ಸಮಯವು ಚಳಿಗಾಲದಲ್ಲಿ ನಮಗಿಂತ ಐದೂವರೆ ತಾಸು, ಬೇಸಗೆಯಲ್ಲಿ ನಾಲ್ಕೂವರೆ ತಾಸು ಹಿಂದೆ. ಜನವರಿಯಲ್ಲಿ ಅಲ್ಲಿ ಬೆಳಗಿನ ಹತ್ತಕ್ಕೆ ಹೊರಟು ಒಂಬತ್ತು ತಾಸು ಹಾರಿದ ವಿಮಾನವು ಇಲ್ಲಿಗೆ ಮುಟ್ಟುವುದು ನಡುರಾತ್ರಿ ಹನ್ನೆರಡೂವರೆಗೆ. ಅಂದರೆ ತಾರೀಖು ಬದಲಾಗಿರುತ್ತದೆ. ಮನೆಯವರನ್ನು ಕರೆತರಲು ನಿಲ್ದಾಣಕ್ಕೆ ಹೋಗುವವರು ಗಂಟೆಗಿಂತ ಮೊದಲು ತಾರೀಖನ್ನು ನೋಡಿಕೊಳ್ಳುವುದು ಒಳಿತು.