ಗಾಯದವರೆಗೆ ತಲುಪದ ಔಷಧ

ಕಾಳಿ ನದಿ ಅರಬ್ಬಿ ಸಮುದ್ರವನ್ನು ಸೇರುವಲ್ಲಿ, ಸದಾಶಿವಗಡದ ಗುಡ್ಡದ ಆಸುಪಾಸಿನ ಊರು ಚಿತ್ತಾಕುಲ. ನೀರಿಳಿದ ಹೊತ್ತಿನಲ್ಲಿ ಅಳಿವೆಯ ಕೆಸರಿಗಿಳಿದು ಬಳಚು ಆಯುವವರಿಗೆ, ದಡದಲ್ಲಿ ಬಲೆ ಬಿಡಿಸುವವರಿಗೆ ಕಾಲಿನ ಗಾಯ ಹೊಸತೇನಲ್ಲ. ಚಿಪ್ಪಿನ ಅಂಚು ಕೊಯ್ಯುತ್ತದೆ, ಇಲ್ಲವೇ ತೊರಕೆಯ ಮುಳ್ಳು ನಾಟುತ್ತದೆ. ಗಾಯ ಕೆಂಪಾಗಿ ಊದಿಕೊಂಡರೆ ಔಷಧ ಅಂಗಡಿಯಿಂದ ನಾಲ್ಕು ಆಂಟಿಬಯಾಟಿಕ್ ಮಾತ್ರೆ. ಅದಕ್ಕೂ ಬಗ್ಗದಿದ್ದರೆ ಇನ್ನಷ್ಟು 'ಸ್ಟ್ರಾಂಗ್' ಆದ ನಾಲ್ಕು. ನುಂಗಿದ ಮಾತ್ರೆ ಗಾಯವನ್ನು ಮುಟ್ಟಿತೇ ಎಂದು ಮಾತ್ರ ಯಾರೂ ಕೇಳುವುದಿಲ್ಲ.

ಔಷಧಕ್ಕೆ ತನ್ನದೇ ಆದ ಕಾಲಿಲ್ಲ. ರಕ್ತ ಹೋದಲ್ಲಿಗಷ್ಟೇ ಅದು ಹೋಗಬಲ್ಲದು. ರಕ್ತದಲ್ಲಿ ಅದರ ಒಂದು ಪಾಲು ಪ್ರೋಟೀನಿಗೆ ಅಂಟಿಕೊಂಡಿರುತ್ತದೆ. ಅಂಟದೆ ಉಳಿದ ಪಾಲು ಮಾತ್ರ ಲೋಮನಾಳಗಳ ಸೂಕ್ಷ್ಮ ರಂಧ್ರಗಳಿಂದ ಹೊರಬಂದು ಜೀವಕೋಶಗಳ ನಡುವಣ ದ್ರವವನ್ನು ಸೇರುತ್ತದೆ. ಅನೇಕ ರೋಗಾಣುಗಳು ಬೀಡುಬಿಡುವುದೂ ಅಲ್ಲಿಯೇ. ಮಿದುಳಿಗಿರುವಂತಹ ಬಿಗಿ ಕಾವಲು ಚರ್ಮಕ್ಕಾಗಲಿ ಸ್ನಾಯುವಿಗಾಗಲಿ ಇಲ್ಲ. ಆದ್ದರಿಂದ ಆರೋಗ್ಯವಂತನ ಮೃದು ಅಂಗಾಂಶಗಳನ್ನು ಪೆನಿಸಿಲಿನ್ ಬಳಗದ ಔಷಧಗಳು ಸಾಕಷ್ಟು ಸುಲಭವಾಗಿಯೇ ತಲುಪುತ್ತವೆ. ಔಷಧ ತಲುಪಿದ ಪ್ರಮಾಣವನ್ನು ಹಿಂದೆ ಅಂಗಾಂಶದ ತುಣುಕನ್ನು ಅರೆದು ಅಳೆಯುತ್ತಿದ್ದರು. ಅಜಿತ್ರೋಮೈಸಿನ್‌ನಂತಹ ಔಷಧ ಜೀವಕೋಶದೊಳಗೇ ಶೇಖರವಾಗುವುದರಿಂದ ಈ ಲೆಕ್ಕದಲ್ಲಿ ಬಹಳ ದೊಡ್ಡ ಸಂಖ್ಯೆ ಸಿಗುತ್ತಿತ್ತು. ರೋಗಾಣು ಇರುವ ದ್ರವದಲ್ಲಿ ಅದು ಅಷ್ಟಿರುತ್ತಿರಲಿಲ್ಲ. ಸಂಖ್ಯೆಗಳೂ ಮೋಸ ಮಾಡುತ್ತವೆ. ನಂತರ ಅಂಗಾಂಶದೊಳಗೆ ಕೂದಲಿನಷ್ಟು ಸಣ್ಣ ನಳಿಕೆ ಇಟ್ಟು ಆ ದ್ರವವನ್ನೇ ಅಳೆಯುವ ಮೈಕ್ರೊಡಯಾಲಿಸಿಸ್ ವಿಧಾನ ಬಂದಿತು.

ತೊಡಕು ಇರುವುದು ಕೀವುಗಟ್ಟಿದ ಗಾಯದಲ್ಲಿ. ಕೀವಿನ ಗೂಡಿನೊಳಗೆ ರಕ್ತನಾಳವಿಲ್ಲ. ಅಲ್ಲಿ ಆಮ್ಲತೆ ಹೆಚ್ಚು, ಆಮ್ಲಜನಕ ಕಡಿಮೆ. ಜೆಂಟಾಮೈಸಿನ್ ಅಂತಹ ಕಡೆ ಬಲಗುಂದುತ್ತದೆ. ರೋಗಾಣುಗಳು ವಿಭಜನೆಯನ್ನೇ ನಿಧಾನಿಸಿರುವುದರಿಂದ ಪೆನಿಸಿಲಿನ್ನಿಗೂ ಹೆಚ್ಚಿನ ಕೆಲಸವಿಲ್ಲ. ಕೀವನ್ನು ಕೊಯ್ದು ಹೊರಹಾಕುವುದು, ಸತ್ತ ಅಂಗಾಂಶವನ್ನು ಕತ್ತರಿಸಿ ತೆಗೆಯುವುದು ಇದಕ್ಕಾಗಿಯೇ. ಮಾತ್ರೆ ಬದಲಿಸುತ್ತ ಶಸ್ತ್ರವನ್ನು ಮುಂದೂಡುವವರು ಕಾಲನ್ನೇ ಪಣಕ್ಕಿಡುತ್ತಾರೆ.

ಮಧುಮೇಹಿಗಳದು ಇನ್ನೂ ಕಠಿಣ. ಕಾಲಿನ ರಕ್ತನಾಳಗಳು ಕಿರಿದಾಗಿರುತ್ತವೆ. ನರ ಮಂಕಾಗಿ ನೋವೂ ತಿಳಿಯದು. ತೋಳಿನ ರಕ್ತದಲ್ಲಿ ಔಷಧ ಧಾರಾಳವಾಗಿದ್ದರೂ ಹೆಬ್ಬೆರಳಿಗೆ ಸಿಗುವುದು ಅತ್ಯಲ್ಪ.

ಕರಾವಳಿಯಲ್ಲಿ ರೋಗಾಣುವಿನ ಗುರುತು ಹಿಡಿಯುವುದೂ ಅಷ್ಟೇ ಮುಖ್ಯ. ಬೆಚ್ಚನೆಯ ಸವುಳು ನೀರಿಗೆ ಒಗ್ಗಿಕೊಂಡ ವಿಬ್ರಿಯೊ ವಲ್ನಿಫಿಕಸ್, ಯಕೃತ್ತಿನ ರೋಗಿಗಳಲ್ಲಿ ಒಂದೆರಡು ದಿನಗಳಲ್ಲೇ ಪ್ರಾಣಾಂತಿಕವಾಗಬಲ್ಲದು. ಮಣ್ಣು ನೀರಿನಲ್ಲಿರುವ ಮೆಲಿಯಾಯ್ಡೋಸಿಸ್ ರೋಗಾಣುವನ್ನು 1911–12ರ ಸುಮಾರಿಗೆ ರಂಗೂನಿನಲ್ಲಿ ಗುರುತಿಸಲಾಯಿತು; ಕರ್ನಾಟಕದ ಕರಾವಳಿಯ ರೋಗಿಗಳಲ್ಲಿ ಅದನ್ನು ಮಣಿಪಾಲದ ವೈದ್ಯರು ದಾಖಲಿಸಿದ್ದಾರೆ. ಮಳೆಗಾಲದಲ್ಲಿ, ಅದೂ ಮಧುಮೇಹಿಗಳಲ್ಲಿ, ಅದು ಹೆಚ್ಚು. ಜೀವಕೋಶದೊಳಗೂ ಕೀವಿನೊಳಗೂ ಅವಿತುಕೊಳ್ಳುವ ಇದಕ್ಕೆ ಕನಿಷ್ಠ ಹತ್ತರಿಂದ ಹದಿನಾಲ್ಕು ದಿನ ಸೆಫ್ಟಾಜಿಡೈಮ್ ಅಥವಾ ಮೆರೋಪೆನೆಮ್ ಚುಚ್ಚುಮದ್ದು, ಅನಂತರ ಸುಮಾರು ಮೂರು ತಿಂಗಳು ಕೋಟ್ರೈಮೋಕ್ಸಜೋಲ್ ಮಾತ್ರೆ ಬೇಕು. ಅಂಗಡಿಯ ನಾಲ್ಕು ಮಾತ್ರೆ ಎಲ್ಲಿ, ಇದೆಲ್ಲಿ!

ಹಲವು ಆಂಟಿಬಯಾಟಿಕ್‌ಗಳನ್ನು ವೈದ್ಯರ ಚೀಟಿಯಿಲ್ಲದೆ ಮಾರದಂತೆ, ಮಾರಾಟವನ್ನು ಪ್ರತ್ಯೇಕ ಪುಸ್ತಕದಲ್ಲಿ ನಮೂದಿಸುವಂತೆ ವಿಧಿಸುವ ಎಚ್1 ಪಟ್ಟಿ 2014ರ ಮಾರ್ಚ್‌ನಲ್ಲಿ ಜಾರಿಗೆ ಬಂದಿತು. ನಿಯಮವನ್ನು ಮುರಿಯುವವರಿಗೆ ಬೈಯುವುದು ಸುಲಭ. ಆದರೆ ದಿನಗೂಲಿ ಬಿಟ್ಟು ಆಸ್ಪತ್ರೆಯ ಸಾಲಿನಲ್ಲಿ ನಿಲ್ಲಲಾಗದವನಿಗೆ ಅಂಗಡಿಯೇ ಹತ್ತಿರ. ಕಾರವಾರದಲ್ಲಿ ಸರ್ಕಾರಿ ವೈದ್ಯಕೀಯ ಕಾಲೇಜು 2016ರಲ್ಲಿ ಆರಂಭವಾಯಿತು. ಆ ಬಳಿಕವೂ ಸೂಪರ್ ಸ್ಪೆಷಾಲಿಟಿ ಆಸ್ಪತ್ರೆಗಾಗಿ ಉತ್ತರ ಕನ್ನಡದ ಜನ 2022ರಲ್ಲಿ ದನಿಯೆತ್ತಬೇಕಾಯಿತು. ಗೋವಾ, ಮಣಿಪಾಲ, ಹುಬ್ಬಳ್ಳಿಯ ದಾರಿ ಅವರಿಗೆ ಚೆನ್ನಾಗಿ ಗೊತ್ತು.

ಆಸ್ಪತ್ರೆ ಬರುವವರೆಗೆ ಕಾಯದೆ ಮಾಡಬಹುದಾದದ್ದೂ ಒಂದಿದೆ. ಪಾದದ ಮೇಲ್ಭಾಗದಲ್ಲಿ ನಾಡಿ ಮಿಡಿಯುತ್ತದೆ. ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಎರಡು ಬೆರಳಿಟ್ಟು ನೋಡಲು ಅರ್ಧ ನಿಮಿಷ ಸಾಕು. ಗಾಯವಾದ ಮಧುಮೇಹಿಯ ಪಾದದಲ್ಲಿ ಆ ಮಿಡಿತ ಸಿಗದಿದ್ದರೆ, ಮಾತ್ರೆ ಬರೆದು ಮನೆಗೆ ಕಳುಹಿಸದೆ, ಅಂದೇ ರಕ್ತನಾಳ ತಜ್ಞರಲ್ಲಿಗೆ ಕಳುಹಿಸಬೇಕು.