ಇಳಿಜಾರಿನ ನೆಲಕ್ಕೆ ಒಪ್ಪುವ ಮನೆಯ ನಕ್ಷೆ

ಮಲೆನಾಡಿನಲ್ಲಿ ಹೊಸ ಮನೆ ಕಟ್ಟಿಸಹೊರಟವರಲ್ಲಿ ಬಹುಮಂದಿ ಮೊದಲು ನಕ್ಷೆಯನ್ನು ಬರೆಯಿಸಿ, ತರುವಾಯ ನೆಲವನ್ನು ಆ ನಕ್ಷೆಯ ಅಳತೆಗೆ ಕಡಿಯಿಸುತ್ತಾರೆ. ಬೆಂಗಳೂರಿನಲ್ಲಿಯೋ ಶಿವಮೊಗ್ಗದಲ್ಲಿಯೋ ಬಂಧುಗಳ ಮನೆಯನ್ನು ಕಂಡು, ಅದರ ವಿಶಾಲವಾದ ಹಾಲನ್ನೂ ನುಣುಪಾದ ನೆಲವನ್ನೂ ಮೆಚ್ಚಿ, ಅದೇ ವಿನ್ಯಾಸವನ್ನು ಕೊಪ್ಪದ, ತೀರ್ಥಹಳ್ಳಿಯ ಅಥವಾ ಮಡಿಕೇರಿಯ ಗುಡ್ಡದ ಬದಿಯಲ್ಲಿ ನಿಲ್ಲಿಸಬೇಕೆಂಬ ಆಸೆ ಸಹಜವಾದದ್ದೇ; ಜೆ.ಸಿ.ಬಿ. ಯಂತ್ರವು ಒಂದೆರಡು ದಿನಗಳಲ್ಲಿ ಗುಡ್ಡವನ್ನು ಬಯಲು ಮಾಡಿಕೊಡುವ ಈ ಕಾಲದಲ್ಲಿ ಅದು ದುಸ್ಸಾಧ್ಯವೂ ಅಲ್ಲ. ಆದರೆ 2018ರ ಆಗಸ್ಟ್ ತಿಂಗಳಿನಲ್ಲಿ ಕೊಡಗಿನ ಗುಡ್ಡಗಳು ಜರಿದು ಬಿದ್ದಾಗ, ಅತಿವೃಷ್ಟಿಯ ಜೊತೆಗೆ ಮನೆ, ರಸ್ತೆಗಳಿಗಾಗಿ ಇಳಿಜಾರನ್ನು ಕಡಿದುದೂ ಆ ಅನಾಹುತಕ್ಕೆ ಕಾರಣವೆಂಬುದನ್ನು ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣೆಯ ತಜ್ಞರು ಎತ್ತಿ ತೋರಿದರು. ಆಷಾಢದಲ್ಲಿ ಪತ್ರಿಕೆ ತೆರೆದರೆ, ಮನೆಯ ಹಿಂದಿನ ಧರೆ, ಅಂದರೆ ಗುಡ್ಡ ಕಡಿದಾಗ ಉಳಿಯುವ ನೆಟ್ಟನೆಯ ಮಣ್ಣಿನ ಬದಿ, ಕುಸಿದ ಸುದ್ದಿ ಮಲೆನಾಡಿನ ಒಂದಲ್ಲ ಒಂದು ಮೂಲೆಯಿಂದ ಬಂದೇ ಇರುತ್ತದೆ.

ಪೂರ್ವಿಕರ ಕೈಯಲ್ಲಿ ಯಂತ್ರವಿರಲಿಲ್ಲ. ಹಾರೆ ಗುದ್ದಲಿಗಳಿಂದ ಎಷ್ಟು ಕಡಿಯಬಹುದೋ ಅಷ್ಟನ್ನೇ ಕಡಿದು, ಉಳಿದ ಏರಿಳಿತವನ್ನು ಮನೆಯೊಳಗೇ ಹಂಚಿಕೊಂಡರು. ಅಂಗಳದಿಂದ ಜಗಲಿಗೆ ಎರಡು ಮೆಟ್ಟಿಲು, ಜಗಲಿಯಿಂದ ನಡುಮನೆಗೆ ಇನ್ನೊಂದು, ಹಿತ್ತಲಿನ ಬಚ್ಚಲಿಗೆ ಮತ್ತೆ ಇಳಿಯುವುದು, ಹೀಗೆ ಹಳೆಯ ಮನೆಗಳ ನೆಲ ಒಂದೇ ಮಟ್ಟದಲ್ಲಿರುತ್ತಿರಲಿಲ್ಲ. ಕೊಡವ ಕುಟುಂಬಗಳ ಮೂಲಮನೆಗಳಾದ ಐನ್‌ಮನೆಗಳು ಗದ್ದೆಯ ಬಯಲಿಗೆ ಮುಖಮಾಡಿ, ಅದರ ಅಂಚಿನ ಎತ್ತರದ ನೆಲವನ್ನು ಆಶ್ರಯಿಸಿ ನಿಂತಿರುವುದನ್ನು ನೋಡಿದವರಿಗೆ ಈ ವಿವೇಕ ಅರ್ಥವಾದೀತು. ಹಾಗೆಂದು ಹಳೆಯದೆಲ್ಲವೂ ಶ್ರೇಷ್ಠವೆಂದು ನಾನು ಹೇಳಲಾರೆ. ಗುಡ್ಡಕ್ಕೆ ಬೆನ್ನು ಕೊಟ್ಟ ಆ ಕತ್ತಲೆಯ ಅಡಿಗೆಮನೆಗಳಲ್ಲಿ ಹೊಗೆ ಕುಡಿದು ಬದುಕಿದ ಹೆಂಗಸರನ್ನು ಕೇಳಿದರೆ ಬೇರೆಯ ಮಾತೇ ಕೇಳಿಬಂದೀತು.

ಇಳಿಜಾರಿನ ಮನೆಯ ನಕ್ಷೆಯನ್ನು ತಿದ್ದುವ ಕಾರ್ಯಕ್ಕೆ ಮೊದಲು ಬೇಕಾದದ್ದು ಕೋಣೆಗಳ ಪಟ್ಟಿಯಲ್ಲ, ನೆಲದ ಏರಿಳಿತದ ಅಳತೆ. ನೀರು ತುಂಬಿದ ಪಾರದರ್ಶಕ ಕೊಳವೆಯೊಂದರಿಂದಲೇ ಅನುಭವಿಯಾದ ಮೇಸ್ತ್ರಿಯು ಹತ್ತು ಹತ್ತು ಅಡಿಗಳಿಗೊಂದು ಗೂಟ ನೆಟ್ಟು, ಯಾವ ಗೂಟದ ಬುಡ ಮತ್ತೊಂದಕ್ಕಿಂತ ಎಷ್ಟು ತಗ್ಗಿನಲ್ಲಿದೆಯೆಂಬುದನ್ನು ಗುರುತು ಮಾಡಿಕೊಡಬಲ್ಲನು. ಆ ಗುರುತುಗಳಲ್ಲಿ ಸಮಾನ ಎತ್ತರದವನ್ನು ಸೇರಿಸಿ ಎಳೆದ ಗೆರೆಗಳೇ ಸಮೋನ್ನತ ರೇಖೆಗಳು. ಅನಂತರ ನೆಲವನ್ನೂ ಮನೆಯನ್ನೂ ಮೇಲಿನಿಂದ ಕೆಳಕ್ಕೆ ಸೀಳಿದಂತೆ ತೋರಿಸುವ ಅಡ್ಡಸೀಳಿನ ಚಿತ್ರವೊಂದನ್ನು ಬರೆಯಿಸಬೇಕು. ಮೇಲಿನಿಂದ ನೋಡುವ ನಕ್ಷೆ ಎಲ್ಲವನ್ನೂ ಚಪ್ಪಟೆಯಾಗಿ ತೋರಿಸುತ್ತದೆ. ಮೆಟ್ಟಿಲೆಷ್ಟು, ಧರೆ ಎಷ್ಟೆತ್ತರ, ಕೆಳಬದಿಯ ಪಾಯ ಎಷ್ಟು ಆಳ ಎಂಬ, ಹಣಕ್ಕೂ ಪ್ರಾಣಕ್ಕೂ ಸಂಬಂಧಿಸಿದ ಪ್ರಶ್ನೆಗಳಿಗೆ ಉತ್ತರ ದೊರೆಯುವುದು ಅಡ್ಡಸೀಳಿನಲ್ಲಿ. ಅದನ್ನು ತೋರಿಸದೆ ಸಹಿ ಕೇಳುವ ಎಂಜಿನಿಯರನಿಗೆ ಸಹಿ ಹಾಕಿಕೊಡಲಾಗದು.

ಒಂದು ನಿವೇಶನವನ್ನು ಕಲ್ಪಿಸಿಕೊಳ್ಳೋಣ. ಪಶ್ಚಿಮಕ್ಕೆ, ಮೇಲ್ಬದಿಯಲ್ಲಿ ರಸ್ತೆ. ಪೂರ್ವಕ್ಕೆ ಇಳಿಯುತ್ತ ಹೋದರೆ ಅಡಕೆತೋಟದ ಕಣಿವೆ. ಆರು ಅಡಿ ನಡೆದರೆ ಒಂದು ಅಡಿ ಇಳಿಯುವ ಜಾರು. ಅಜ್ಜಿ, ದಂಪತಿಗಳು, ಇಬ್ಬರು ಮಕ್ಕಳಿರುವ ಕುಟುಂಬಕ್ಕೆಂದು ಬರೆದ ಮೊದಲ ನಕ್ಷೆ 36 ಅಡಿಯ ಚೌಕ, ಅಂದರೆ 1,296 ಚದರಡಿ, ಎಲ್ಲವೂ ಒಂದೇ ಮಟ್ಟ. ಈ ಚೌಕದ ಅಡಿಯಲ್ಲಿ ನೆಲ 6 ಅಡಿ ಇಳಿಯುವುದರಿಂದ, ಮೇಲರ್ಧವನ್ನು ಕಡಿದು ಕೆಳಗಿನ ಅರ್ಧಕ್ಕೆ ತುಂಬಿದರೂ ಮೇಲ್ಬದಿಯಲ್ಲಿ 3 ಅಡಿಯ ಧರೆ, ಕೆಳಬದಿಯಲ್ಲಿ 3 ಅಡಿಯ ತುಂಬು ಮಣ್ಣು ಆಗುತ್ತದೆ. ಕಡಿಯಬೇಕಾದ ಮಣ್ಣು 972 ಘನ ಅಡಿ. ಅದೇ ವಿಸ್ತಾರವನ್ನು ಸಮೋನ್ನತ ರೇಖೆಗೆ ಸಮಾನಾಂತರವಾಗಿ ಉದ್ದಕ್ಕೆ ಎಳೆದು, 54 ಅಡಿ ಉದ್ದ, 24 ಅಡಿ ಅಗಲ ಮಾಡಿದೆವೆಂದರೆ ಚದರಡಿ ಕಿಂಚಿತ್ತೂ ಕಡಿಮೆಯಾಗದೆ ಇಳಿತ 4 ಅಡಿಗೂ ಕಡಿತ 648 ಘನ ಅಡಿಗೂ ತಗ್ಗುತ್ತದೆ. ಇನ್ನೂ ಒಂದು ಹೆಜ್ಜೆ ಮುಂದುವರಿದು, ಆ 24 ಅಡಿಯನ್ನು 12 ಅಡಿಯ ಎರಡು ಪಟ್ಟಿಗಳಾಗಿ ವಿಭಾಗಿಸಿ, ಕೆಳಗಿನ ಪಟ್ಟಿಯ ನೆಲವನ್ನು 2 ಅಡಿ ತಗ್ಗಿಸಿದರೆ ಕಡಿಯಬೇಕಾದದ್ದು ಕೇವಲ 324 ಘನ ಅಡಿ, ಮೊದಲಿನದರ ಮೂರನೆಯ ಒಂದು ಭಾಗ. ಎಲ್ಲಿಯೂ ಒಂದು ಅಡಿಗಿಂತ ಎತ್ತರದ ಧರೆಯಿಲ್ಲ. ಉದ್ದನೆಯ ಮನೆಗೆ ಹೊರಗೋಡೆಯ ಉದ್ದ ಸ್ವಲ್ಪ ಹೆಚ್ಚುವುದು ನಿಜ. ಆ ವೆಚ್ಚವನ್ನು ತಡೆಗೋಡೆಯ ಉಳಿತಾಯದೊಡನೆ ಹೋಲಿಸಿ ನೋಡಿದ ಮೇಲೆಯೇ ಅದನ್ನು ದುಬಾರಿಯೆನ್ನಬೇಕು.

ತಿರುವನಂತಪುರದ ನಾಲಾಂಚಿರದಲ್ಲಿ, ಬಂಡೆಗಳಿಂದ ತುಂಬಿದ ಕಡಿದಾದ ಜಾರಿನಲ್ಲಿ ತಮ್ಮ ಮನೆಯನ್ನು ಕಟ್ಟಿಕೊಂಡ ವಾಸ್ತುಶಿಲ್ಪಿ ಲಾರಿ ಬೇಕರ್ ಅವರು, ಕಟ್ಟಡದ ವೆಚ್ಚ ತಗ್ಗಿಸುವ ಬಗ್ಗೆ ಬರೆದ ಕಿರುಹೊತ್ತಗೆಯಲ್ಲಿ ಇದೇ ಉಪಾಯವನ್ನು ಚಿತ್ರಸಮೇತ ವಿವರಿಸಿದ್ದಾರೆ: ಇಳಿಜಾರಿನಲ್ಲಿ ಮನೆಯನ್ನು ಸಮೋನ್ನತ ರೇಖೆಗೆ ಸಮಾನಾಂತರವಾಗಿಟ್ಟರೆ ಅಗೆತವೂ ತುಂಬುವಿಕೆಯೂ ಕಡಿಮೆ, ಮೆಟ್ಟು ಮಾಡಿದ ನೆಲವಾದರೆ ಮನೆ ಅದರ ನಡುವಿನಲ್ಲಿರಬೇಕು, ಅಂಚಿನಲ್ಲಿ ಸಲ್ಲದು.

ಈಗ ನಿಜವಾದ ಕಷ್ಟ ಬರುವುದು ಆ 2 ಅಡಿಯ ವ್ಯತ್ಯಾಸವನ್ನು ಎಲ್ಲಿ ಇಡಬೇಕೆಂಬಲ್ಲಿ. 6 ಅಂಗುಲದ ನಾಲ್ಕು ಮೆಟ್ಟಿಲುಗಳು ಅವು; ರಾಷ್ಟ್ರೀಯ ಕಟ್ಟಡ ಸಂಹಿತೆಯು ವಾಸದ ಮನೆಗಳಿಗೆ 190 ಮಿಲಿಮೀಟರಿನವರೆಗೆ ಎತ್ತರದ ಮೆಟ್ಟಿಲನ್ನು ಒಪ್ಪುವುದರಿಂದ, 150ರ ಆಸುಪಾಸಿನ ಈ ಮೆಟ್ಟಿಲು ಸೌಮ್ಯವಾದದ್ದೇ. ಆದರೂ ಅಡಿಗೆಮನೆಗೂ ಊಟದ ಜಾಗಕ್ಕೂ ನಡುವೆ ಅವು ಬಂದರೆ, ಬಿಸಿ ಸಾರಿನ ಪಾತ್ರೆಯನ್ನು ಹಿಡಿದವರು ದಿನವೂ ಆ ಇಳಿತದ ಮೇಲೆ ನಡೆಯಬೇಕಾಗುತ್ತದೆ. ಮಲಗುವ ಕೋಣೆಗೂ ಬಚ್ಚಲಿಗೂ ನಡುವೆ ಬಂದರೆ, ರಾತ್ರಿ ನಿದ್ದೆಗಣ್ಣಿನಲ್ಲಿ ಏಳುವ ವೃದ್ಧರಿಗೆ ಅಪಾಯ. ಆದಕಾರಣ ನಾನಾದರೆ ಮೇಲಿನ ಪಟ್ಟಿಯಲ್ಲಿ ಜಗಲಿ, ಅಡಿಗೆಮನೆ, ಊಟದ ಜಾಗ, ದೇವರಮನೆ, ಅಜ್ಜಿಯ ಕೋಣೆ, ಅದಕ್ಕೆ ಹೊಂದಿದ ಬಚ್ಚಲು ಇವನ್ನಿಟ್ಟು, ಕೆಳಗಿನ ಪಟ್ಟಿಯ ನಡುವೆ ಕಣಿವೆಗೆ ತೆರೆಯುವ ಪಡಸಾಲೆಯನ್ನೂ ಅದರ ಎರಡು ಕೊನೆಗಳಲ್ಲಿ ಉಳಿದವರ ಕೋಣೆಗಳನ್ನೂ ಇಡುವೆನು. ಪಡಸಾಲೆಯಿಂದಲೇ ಕೋಣೆಗಳಿಗೆ ಪ್ರವೇಶವಿರುವುದರಿಂದ ಓಣಿಯಂಥ ನಡೆಗೆ ಜಾಗ ವ್ಯಯವಾಗದು. ತಾರಸಿಯ ಮಟ್ಟ ಎರಡು ಪಟ್ಟಿಗಳಿಗೂ ಒಂದೇ ಆಗಿದ್ದರೆ, ಊಟದ ಜಾಗಕ್ಕೆ ಒಂಬತ್ತೂವರೆ ಅಡಿ ಎತ್ತರವಿರುವಾಗ ಪಡಸಾಲೆಗೆ ತಾನಾಗಿಯೇ ಹನ್ನೊಂದೂವರೆ ಅಡಿ ದೊರೆತು, ಊಟಕ್ಕೆ ಕುಳಿತವರ ದೃಷ್ಟಿ ಪಡಸಾಲೆಯಲ್ಲಿ ಕುಳಿತವರ ತಲೆಯ ಮೇಲಿಂದ ಹಾಯ್ದು ಅಡಕೆಯ ತೋಟವನ್ನು ಮುಟ್ಟುತ್ತದೆ. ಅಂಚಿಗೊಂದು ಕಟಕಟೆ ಮಾತ್ರ ಅವಶ್ಯ.

ಅಜ್ಜಿ ಪಡಸಾಲೆಗೆ ಇಳಿಯಲಾರದೆ ಮೇಲೆಯೇ ಒಂಟಿಯಾದರೆ? ಇದು ನಕ್ಷೆ ತಿದ್ದುವಾಗ ಯಾರೂ ಕೇಳದ, ಗೃಹಪ್ರವೇಶವಾದ ಮೇಲೆ ಎಲ್ಲರೂ ಕೇಳುವ ಪ್ರಶ್ನೆ. ಗಾಲಿಕುರ್ಚಿಯೂ ಹತ್ತಬಲ್ಲ ಇಳಿಜಾರು ದಾರಿಗೆ ಒಂದು ಅಡಿ ಎತ್ತರಕ್ಕೆ 12 ಅಡಿ ಉದ್ದ ಬೇಕು. 2 ಅಡಿಗೆ 24 ಅಡಿ. ನಮ್ಮ ಮನೆಯ ಅಗಲವೂ ಅಷ್ಟೇ ಇರುವುದರಿಂದ, ಪಕ್ಕದ ಗೋಡೆಯುದ್ದಕ್ಕೂ, ಸೂರಿನ ಅಡಿಯಲ್ಲಿ ಮಳೆ ತಾಗದಂತೆ ಅಂಥದೊಂದು ದಾರಿಯನ್ನು ಮಾಡಬಹುದು. ಇಂದು ಮಾಡಲಾಗದಿದ್ದರೂ ಜಾಗವನ್ನಾದರೂ ಬಿಟ್ಟಿರಬೇಕು.

ವಾಸ್ತುವಿನ ಮಾತು ಇಲ್ಲಿ ಬಾರದಿರದು. ನೆಲ ಪೂರ್ವಕ್ಕೆ ಇಳಿದಿರುವುದನ್ನು ಕಂಡು ವಾಸ್ತುಪಂಡಿತರು ಸಂತೋಷಪಡುತ್ತಾರೆ. ಆದರೆ ಅಡಿಗೆಮನೆ ಮೇಲಿನ ಪಟ್ಟಿಗೆ, ಅಂದರೆ ಪಶ್ಚಿಮಕ್ಕೆ ಬಂದಿತೆಂದು ತಿಳಿದೊಡನೆ ಅದನ್ನು ಆಗ್ನೇಯಕ್ಕೆ ಒಯ್ಯಿರೆಂದು ಹಟ ಹಿಡಿಯುತ್ತಾರೆ. ಹಾಗೆ ಒಯ್ದರೆ ಅದು ನಾಲ್ಕು ಮೆಟ್ಟಿಲು ಕೆಳಗಿಳಿಯುತ್ತದೆ. ಅಡಿಗೆಮನೆಯನ್ನು ಇದ್ದಲ್ಲಿಯೇ ಇಟ್ಟು, ಅದರ ಆಗ್ನೇಯ ಮೂಲೆಯಲ್ಲಿ ಪೂರ್ವಾಭಿಮುಖವಾಗಿ ಒಲೆ ಹೂಡುವ ರಾಜಿಯನ್ನು ಬಹು ಮಂದಿ ಪಂಡಿತರು ಒಪ್ಪುತ್ತಾರೆ. ಒಪ್ಪದವರಿಗಾಗಿ ಗುಡ್ಡವನ್ನು ತಿರುಗಿಸಲಾಗದು.

ಎಲ್ಲಕ್ಕಿಂತ ಮಿಗಿಲಾದದ್ದು ನೀರಿನ ವಿಚಾರ. ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7,000 ಮಿಲಿಮೀಟರಿಗೂ ಮೀರಿ ಮಳೆ ಬೀಳುತ್ತದೆ. ಒಂದು ಚದರ ಮೀಟರಿನ ಮೇಲೆ ಒಂದು ಮಿಲಿಮೀಟರು ಮಳೆಯೆಂದರೆ ಒಂದು ಲೀಟರು ನೀರಾದುದರಿಂದ, ನಮ್ಮ ಈ ಮನೆ ಅಲ್ಲಿದ್ದರೆ ಅದರ ಮಾಡೊಂದರ ಮೇಲೆಯೇ ವರ್ಷಕ್ಕೆ 8 ಲಕ್ಷ ಲೀಟರಿಗೂ ಹೆಚ್ಚು ನೀರು ಸುರಿಯುತ್ತದೆ. ಗುಡ್ಡದಿಂದ ಹರಿದು ಬರುವುದು ಬೇರೆ. ಧರೆಯ ನೆತ್ತಿಯ ಮೇಲೊಂದು ಬಸಿಗಾಲುವೆ ತೋಡಿ ಆ ನೀರನ್ನು ಮನೆಯ ಎರಡು ಬದಿಗೂ ಸರಿಸದೆ ಹೋದರೆ, ಅದು ನೆಲದೊಳಗಿಳಿದು ಮೇಲ್ಬದಿಯ ಗೋಡೆಯನ್ನು ಆಶ್ರಯಿಸುತ್ತದೆ. ಕೆಲವರು ಧರೆಗೆ ಕಲ್ಲಿನ ತಡೆಗೋಡೆ ಕಟ್ಟಿಸಿ, ಸಿಮೆಂಟಿನಿಂದ ಸಂದುಗಳನ್ನೆಲ್ಲ ಮುಚ್ಚಿಸಿ, ಇನ್ನು ಭಯವಿಲ್ಲವೆಂದು ನೆಮ್ಮದಿಯಾಗಿರುತ್ತಾರೆ. ಅಪಾಯ ಆರಂಭವಾಗುವುದೇ ಅಲ್ಲಿ. ಮೂರು ಮೀಟರು ಎತ್ತರದ ಗೋಡೆಯ ಹಿಂದೆ ನೀರು ತುಂಬಿ ನಿಂತರೆ, ಗೋಡೆಯ ಪ್ರತಿಯೊಂದು ಮೀಟರು ಉದ್ದದ ಮೇಲೂ ನೀರೊಂದೇ ನಾಲ್ಕೂವರೆ ಟನ್ನಿನ ಬಲದಿಂದ ಒತ್ತುತ್ತದೆ. ಮಣ್ಣಿನ ಒತ್ತಡ ಅದರ ಮೇಲೆ ಸೇರುತ್ತದೆ. ಗೋಡೆಯ ಹಿಂದೆ ಜಲ್ಲಿಯ ಪದರವನ್ನು ತುಂಬಿಸಿ, ಗೋಡೆಯಲ್ಲಿ ನೀರು ಬಸಿಯುವ ತೂತುಗಳನ್ನು ಇರಿಸಿದರೆ ನೀರಿನ ಈ ಭಾರ ನಿಲ್ಲುವುದಿಲ್ಲ. ಮೇಲ್ಬದಿಯ ಮಾಡಿನ ನೀರು ಧರೆಗೂ ಮನೆಗೂ ನಡುವಣ ಸಂದಿಗೆ ಬೀಳುವುದರಿಂದ, ಆ ಸಂದಿ ಒಬ್ಬ ಮನುಷ್ಯ ನಡೆದು ಶುಚಿ ಮಾಡುವಷ್ಟಾದರೂ ಅಗಲವಾಗಿದ್ದು, ಅದರಲ್ಲಿ ಕಲ್ಲು ಹಾಸಿದ ಚರಂಡಿ ಇರತಕ್ಕದ್ದು. ಬಾವಿ ಮೇಲ್ಬದಿಗೆ, ಶೌಚದ ಗುಂಡಿ ಕೆಳಬದಿಗೆ ಎಂಬುದನ್ನು ಮಲೆನಾಡಿಗರಿಗೆ ಹೇಳಬೇಕಾಗಿಲ್ಲ.

ತುಂಬು ಮಣ್ಣನ್ನು ನಂಬಿ ಪಾಯ ಹಾಕುವುದು ಮತ್ತೊಂದು ಪ್ರಮಾದ. ಕಡಿದ ಬದಿಯ ನೆಲ ಗಟ್ಟಿ, ತುಂಬಿದ ಬದಿಯದು ಸಡಿಲ. ಮೊದಲ ಕೆಲವು ಮಳೆಗಾಲಗಳಲ್ಲಿ ಒಂದು ಕುಗ್ಗಿ ಮತ್ತೊಂದು ಕುಗ್ಗದೆ ನಿಲ್ಲುವುದರಿಂದ, ಅವೆರಡೂ ಸೇರುವ ಗೆರೆಯ ಮೇಲೆ ಗೋಡೆ ಸೀಳುತ್ತದೆ. ತುಂಬು ಮಣ್ಣನ್ನು ಅರ್ಧ ಅಡಿಯ ಪದರಗಳಲ್ಲಿ ಹರಡಿ, ನೀರು ಹಾಯಿಸಿ, ದಮ್ಮಸು ಮಾಡಿದ್ದರೂ ಅದು ನೆಲಗಟ್ಟನ್ನು ಹೊರಬಲ್ಲುದೇ ಹೊರತು ಗೋಡೆಯನ್ನಲ್ಲ. ಗೋಡೆಯ ಪಾಯ ತುಂಬು ಮಣ್ಣನ್ನು ದಾಟಿ, ಮೂಲದ ಗಟ್ಟಿ ನೆಲದಲ್ಲಿ ಮೆಟ್ಟಿಲು ಮೆಟ್ಟಿಲಾಗಿ ಇಳಿಯಬೇಕು.

ನಕ್ಷೆ ಅಂತಿಮವಾಯಿತೆನಿಸಿದಾಗ ಅದನ್ನು ಸುಣ್ಣದ ಪುಡಿಯಿಂದ ನಿವೇಶನದ ಮೇಲೆ ಬರೆಯಿಸಿ, ನೆಲದ ಮಟ್ಟಗಳನ್ನು ಗೂಟಗಳಿಗೆ ಕಟ್ಟಿದ ದಾರದಿಂದ ತೋರಿಸಿ, ಮನೆಮಂದಿಯೆಲ್ಲರೂ ಅದರೊಳಗೆ ನಡೆದು ನೋಡಬೇಕು. ಹಲಸಿನ ಮರವೊಂದು ಕೋಣೆಯ ನಡುವೆ ನಿಂತಿದ್ದರೆ ಗೋಡೆಯನ್ನು ಮೂರಡಿ ಸರಿಸಲು ಅದೇ ತಕ್ಕ ಸಮಯ. ಸಾಧ್ಯವಾದವರು ನೆಲವನ್ನು ಕೊಂಡ ಮೇಲೆ ಒಂದು ಮಳೆಗಾಲ ಕಾಯಿರಿ; ಜುಲೈ ತಿಂಗಳಲ್ಲಿ ಕೊಡೆ ಹಿಡಿದು ಹೋಗಿ, ನೀರು ಎಲ್ಲಿಂದ ಬಂದು ಎಲ್ಲಿ ಹೋಗುತ್ತದೆಂಬುದನ್ನು ನಕ್ಷೆಯ ಮೇಲೆಯೇ ಗುರುತು ಹಾಕಿಕೊಳ್ಳಿರಿ. ಕಾರ್ತಿಕದಲ್ಲಿ ಕೆಲಸ ಆರಂಭಿಸಿದರೆ ಕೆಳಬದಿಯ ಪಾಯ, ತಡೆಗೋಡೆ, ಬಸಿಗಾಲುವೆ ಈ ಮೂರೂ ಮುಂದಿನ ಜೂನ್ ತಿಂಗಳಿಗೆ ಮುಂಚೆ ಮುಗಿಯುವುದಕ್ಕೆ ಸಾಕಷ್ಟು ಕಾಲಾವಕಾಶವಿರುತ್ತದೆ.